ಒಡೆದ ಕನ್ನಡಿಯ ಮನುಷ್ಯ

ಕನ್ನಡಿ ಅಂಗಡಿಗೆ ಬಂದವರು ಮೊದಲು ನೋಡುವುದು ತಮ್ಮ ಮುಖ, ಆಮೇಲೆ ಮಾಲು. ಹೀಗಾಗಿ ಎಪ್ಪತ್ತರ ದಶಕದಲ್ಲಿ ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ ನಾನಿಟ್ಟಿದ್ದ ಅಂಗಡಿಯಲ್ಲಿ ವ್ಯಾಪಾರ ಇಲ್ಲದ ದಿನವೂ ನಗುವಿಗೆ ಕೊರತೆ ಇರಲಿಲ್ಲ.

೧. ಏಳನೇ ಕನ್ನಡಿ

ಸವಳಂಗದ ಅಜ್ಜಿಯೊಬ್ಬರು ಕನ್ನಡಿ ಕೊಳ್ಳಲು ಬಂದರು. ಒಂದು ಕೊಟ್ಟೆ. ನೋಡಿಕೊಂಡು, "ಇದರಾಗೆ ವಯಸ್ಸಾದಂಗೆ ಕಾಣ್ತೈತೆ, ಬ್ಯಾರೆ ಕೊಡಪ್ಪ" ಎಂದರು. ಬೇರೆ ಕೊಟ್ಟೆ. ಅದೂ ಬೇಡ. ಕಪಾಟೆಲ್ಲ ಇಳಿಸಿದ್ದಾಯಿತು. ಏಳನೆಯದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು.

"ಎಲ್ಲಾ ಒಂದೇ ಕಂಪ್ನಿ ಮಾಲು ತಂದೀಯ ನೋಡು."

೨. ಗಟ್ಟಿ ಅಂಟು

ಒಡೆದ ಕನ್ನಡಿ ಮನೆಯಲ್ಲಿ ಇಡಬಾರದೆಂದು ಜನ ಅದನ್ನು ತಂದು ನನ್ನ ಅಂಗಡಿಯ ಹಿತ್ತಲಲ್ಲಿ ಸುರಿಯುತ್ತಿದ್ದರು. ಅವರ ಮನೆಗೆ ಕೆಟ್ಟದ್ದು ನನಗೆ ಹೇಗೆ ಒಳ್ಳೆಯದಾದೀತೆಂದು ಒಬ್ಬರೂ ಯೋಚಿಸಿದ್ದಿಲ್ಲ. ಒಂದು ದಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬಂದು ಆ ಚೂರೆಲ್ಲ ತಮಗೆ ಬೇಕೆಂದರು. ಅದರಿಂದ ಆಳೆತ್ತರದ ಮನುಷ್ಯನ ಮೂರ್ತಿ ಮಾಡುತ್ತಾರಂತೆ.

"ಅದರ ಅರ್ಥ ಏನ್ ಸಾರ್?"

"ಎದುರಿಗೆ ನಿಂತೋನು ಅದರಾಗೆ ಚೂರುಚೂರಾಗಿ ಕಾಣ್ತಾನೆ. ಸರಿದ್ರೆ ಅದೂ ಇಲ್ಲ. ಲೋಕದಾಗೆ ಯಾವುದೂ ಉಳಿಯಾಕಿಲ್ಲ ಕಣ್ರೀ."

ನನಗೆ ಮೈ ಜುಮ್ಮೆಂದಿತು. ಚೀಲ ತುಂಬಿ ಕೊಟ್ಟೆ. ಹೋದವರು ಅರ್ಧ ದಾರಿಯಿಂದ ತಿರುಗಿ ಬಂದರು.

"ಅಂಟು ಒಂದಿಷ್ಟು ಗಟ್ಟೀದು ಕೊಡ್ರಿ. ನೂರು ವರ್ಷ ಅಲ್ಲಾಡಬಾರದು."

೩. ಸಾಹೇಬರ ಭೇಟಿ

ಮೇಷ್ಟ್ರ ಕೆಲಸ ಹಂಗಾಮಿ. ಶಾಲೆಯ ವಸ್ತುಪ್ರದರ್ಶನಕ್ಕೆ ಬರುವ ವಿದ್ಯಾ ಇಲಾಖೆಯ ಸಾಹೇಬರು ಮೆಚ್ಚಿ ಮೇಲಕ್ಕೆ ಬರೆದರೆ ಕಾಯಂ, ಇಲ್ಲವಾದರೆ ಬೇಸಿಗೆ ರಜೆಯ ಹೊತ್ತಿಗೆ ಮನೆ. ತಿಂಗಳುಗಟ್ಟಲೆ ಕೂತು ಮೂರ್ತಿ ಮಾಡಿದರು. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು ಓಡಾಡುವುದನ್ನು ಕಂಡು ನನಗೆ ಪಾಪ ಅನ್ನಿಸುತ್ತಿತ್ತು.

ಪ್ರದರ್ಶನದ ಬೆಳಿಗ್ಗೆ ಶಾಲೆಯ ಜವಾನ ಓಡಿ ಬಂದು, "ಆಳೆತ್ತರದ ಕನ್ನಡಿ ಒಂದು ಕೊಡ್ರಿ, ಜಲ್ದಿ" ಎಂದ. ಇಬ್ಬರೂ ಶಾಲೆಗೆ ಹೊತ್ತುಕೊಂಡು ಹೋಗಿ, ಅವನು ತೋರಿಸಿದ ಕಡೆ ನಿಲ್ಲಿಸಿದೆವು. ನೋಡಿದರೆ ಮೇಷ್ಟ್ರ ಮೂರ್ತಿ ಅಲ್ಲಿಲ್ಲ.

"ಸಾಹೇಬ್ರು ಬರೋ ದಿನ ಒಡೆದ ಕನ್ನಡಿ ಎದುರಿಗಿಟ್ರೆ ಅಪಶಕುನ ಅಲ್ಲೇನ್ರೀ? ಅದನ್ನ ಹಿಂದಿನ ಕೋಣ್ಯಾಗೆ ಇಟ್ಟು, ಆ ಜಾಗಕ್ಕೆ ಇದನ್ನ ತರಿಸೀನಿ. ಮೇಷ್ಟ್ರಿಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು" ಎಂದ ಜವಾನ. ನಾನು ಬಾಯಿ ತೆರೆಯುವಷ್ಟರಲ್ಲಿ ಜೀಪು ಬಂದೇ ಬಿಟ್ಟಿತು.

ಸಾಹೇಬರ ಹಿಂದೆ ಒಳಬಂದ ಮೇಷ್ಟ್ರು, ಮೂರ್ತಿಯ ಜಾಗದಲ್ಲಿ ಬರೀ ಕನ್ನಡಿ ಕಂಡು ಕಂಬ ಹಿಡಿದು ನಿಂತರು. ಅವರು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದ ಹಲಗೆ ಮಾತ್ರ ಕೆಳಗೆ ಹಾಗೇ ಇತ್ತು: "ಈತ ಇಲ್ಲಿ ಹೆಚ್ಚು ದಿನ ಇರುವುದಿಲ್ಲ."

ಸಾಹೇಬರು ಹಲಗೆ ಓದಿದರು. ತಲೆಯೆತ್ತಿ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಮತ್ತೊಮ್ಮೆ ಹಲಗೆ ಓದಿದರು. ಮುಖ ಬಿಳಿಚಿಕೊಂಡಿತು. ಮೇಷ್ಟ್ರ ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಸಾಹೇಬರು ಅವರ ಹೆಗಲಿಗೆ ಕೈ ಹಾಕಿ, ನಾನು ನಿಂತಿದ್ದ ಮೂಲೆಗೇ ಕರೆತಂದು, ಮೆಲ್ಲಗೆ ಕೇಳಿದರು:

"ಜಗಳೂರಿಗೆ ನನ್ನ ಟ್ರಾನ್ಸ್‌ಫರ್ ಆರ್ಡರ್ ಬಂದಿದ್ದೇ ನಿನ್ನೆ ಸಂಜೆ. ನಿಮಗ್ಯಾರು ಹೇಳಿದ್ರು? ಹೋಗ್ಲಿ, ಮೊದಲು ಆ ಹಲಗೆ ತೆಗೀರಿ. ನಿಮ್ಮ ಕಾಗದ ಇವತ್ತೇ ಮೇಲಕ್ಕೆ ಕಳಿಸ್ತೀನಿ."