ಎರಡೂ ಕಿವಿ ಕಾಣಬೇಕು

ಶಿಶುವಿಹಾರದಲ್ಲಿ ಬುಗುರಿಗೆ ಸೀಟು ಸಿಕ್ಕಿಯೇಬಿಡುತ್ತಿತ್ತು, ಒಂದು ಫೋಟೋ ಇದ್ದಿದ್ದರೆ.

ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಚಿಕ್ಕ ಫೋಟೋ. ಮುಖ ನೇರವಾಗಿರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಎರಡೂ ಕಿವಿ ಕಾಣಬೇಕು, ಬೇರೆ ಯಾರ ಕೈಯೂ ಕಾಣಬಾರದು. ಶಿಶುವಿಹಾರದ ದೊಡ್ಡ ಟೀಚರ್ ಇದನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದರು. ಇವತ್ತು ಸಂಜೆಯೊಳಗೆ ತಂದುಕೊಡದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂಬುದನ್ನೂ ಅಷ್ಟೇ ಸಲೀಸಾಗಿ ಸೇರಿಸಿದ್ದರು. ಅವರು ಇನ್ನೂ ಹುಡುಗನನ್ನು ನೋಡಿರಲಿಲ್ಲ. ಅರ್ಜಿ ಕೊಡಲು ಹೋದ ದಿನ ಅವನನ್ನು ಎದುರುಮನೆಯಲ್ಲಿ ಬಿಟ್ಟು ಹೋಗಿದ್ದಳು ತಾಯಿ, ಬೇಕೆಂದೇ.

ಬುಗುರಿ ಅವನ ನಿಜವಾದ ಹೆಸರಲ್ಲ. ಅವನು ನಡೆಯಲು ಕಲಿತ ದಿನ ಅಜ್ಜ ಇಟ್ಟ ಅಡ್ಡಹೆಸರು. ಆಮೇಲೆ ನಿಜವಾದ ಹೆಸರು ಹಿಡಿದು ಕರೆದರೆ ಅವನೂ ತಿರುಗಿ ನೋಡುತ್ತಿರಲಿಲ್ಲ. ಹೆತ್ತ ತಪ್ಪಿಗೆ ತಾಯಿಯ ಹೆಸರೂ ಹೋಗಿ ಬುಗುರಿಯಮ್ಮ ಎಂದಾಗಿತ್ತು. ಎರಡೂವರೆ ವರ್ಷದ ಪೋರ ನಿದ್ದೆಯಲ್ಲೂ ಓಡುತ್ತಿದ್ದ. ದಿಂಬಿನ ಮೇಲೆ ತಲೆಯಿಟ್ಟು ಮಲಗಿದವನು ಬೆಳಗಾಗುವಷ್ಟರಲ್ಲಿ ಅಪ್ಪನ ಮೂಗಿನ ಮೇಲೆ ಹಿಮ್ಮಡಿ ಇಟ್ಟಿರುತ್ತಿದ್ದ. ಕಣ್ಣು ಬಿಟ್ಟವನೇ ತೆವಳಿ ಬಂದು ಅವಳ ಎರಡೂ ಕೆನ್ನೆ ಹಿಡಿದು, "ಅಮ್ಮ ಇದೆ!" ಎಂದು ಮನೆಗೆಲ್ಲ ಸಾರುತ್ತಿದ್ದ, ರಾತ್ರಿ ಯಾರೋ ಕದ್ದೊಯ್ದಿರಬಹುದೆಂದು ಹೆದರಿದ್ದವನ ಹಾಗೆ. ಆ ಎರಡು ಪದಕ್ಕೆ ಬುಗುರಿಯಮ್ಮ ಅವನ ಹಿಂದಿನ ದಿನದ ಅಪರಾಧಗಳನ್ನೆಲ್ಲ ಮಾಫಿ ಮಾಡುತ್ತಿದ್ದಳು. ಅವಳು ಹಲ್ಲುಜ್ಜಿ ಬರುವಷ್ಟರಲ್ಲಿ ಹೊಸ ಅಪರಾಧಗಳು ಶುರುವಾಗಿರುತ್ತಿದ್ದವು.

ಈಗ ಸೀಟು ಬೇಕೇ ಬೇಕಿತ್ತು. ಅವಳು ಮೊದಲು ಕರಡು ತಿದ್ದುತ್ತಿದ್ದ ಮುದ್ರಣಾಲಯದವರು ಸೋಮವಾರದಿಂದ ಮತ್ತೆ ಬಾ ಎಂದಿದ್ದರು, ಬೆಳಗಿನ ಹೊತ್ತು ಮಾತ್ರ. ಮಗ ಶಿಶುವಿಹಾರಕ್ಕೆ ಹೋದರೆ ಅವಳು ಕೆಲಸಕ್ಕೆ, ಇಲ್ಲದಿದ್ದರೆ ಇಲ್ಲ. ಒಂದು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುವುದು, ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು, ಇಂಥ ರಾಜವೈಭೋಗಗಳನ್ನು ನೆನೆದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಮನೆಯಲ್ಲೇ ಫೋಟೋ ತೆಗೆಯಲು ನೋಡಿಯಾಗಿತ್ತು. ಗಂಡ ಒಂದು ಭಾನುವಾರವಿಡೀ ಮೊಬೈಲು ಹಿಡಿದು ಮಗನ ಹಿಂದೆ ಓಡಿದ್ದ. ಒಂದರಲ್ಲಿ ಮೊಣಕಾಲು ಬಂದಿತ್ತು, ಒಂದರಲ್ಲಿ ನಾಲಿಗೆ, ಒಂದರಲ್ಲಿ ಬರೀ ಗೋಡೆ. ಉಳಿದವುಗಳಲ್ಲಿ ದೆವ್ವದ ಕತೆಗೆ ಹೊಂದುವಂಥ ಒಂದು ಮಸುಕು ಆಕೃತಿ.

"ಇದರಲ್ಲಿ ಒಂದು ಕಿವಿ ಇದೆ, ಅದರಲ್ಲಿ ಇನ್ನೊಂದು ಕಿವಿ ಇದೆ. ಎರಡೂ ಸೇರಿಸಿ ಅಂಟಿಸಿ ಕೊಟ್ಬಿಡು," ಎಂದು ಅವನು ಕೈತೊಳೆದುಕೊಂಡಿದ್ದ.

ಹಾಗಾಗಿ ಕೊನೆಯ ದಿನ ಬೆಳಗ್ಗೆ ಬುಗುರಿಯಮ್ಮ ಮಗನಿಗೆ ತಲೆ ಬಾಚಿ ಸ್ಟುಡಿಯೋಗೆ ಹೊರಟಳು. ಮೆಟ್ಟಿಲ ಬಳಿಯೇ ಎದುರುಮನೆಯ ದೊಡ್ಡಮ್ಮ ಅಡ್ಡ ಸಿಕ್ಕರು. ಯಾರಿಗೂ ಸ್ವಂತ ದೊಡ್ಡಮ್ಮನಲ್ಲದ ಅವರು ಇಡೀ ಕಟ್ಟಡಕ್ಕೇ ದೊಡ್ಡಮ್ಮ.

"ಎಲ್ಲಿಗೇ ಸವಾರಿ? ಮಗು ತಲೆ ಎಣ್ಣೆ ಸುರೀತಿದೆ!"

"ಫೋಟೋ ತೆಗೆಸೋಕೆ ದೊಡ್ಡಮ್ಮ."

"ಒಬ್ಳೇನಾ? ಅಯ್ಯೋ ಹುಚ್ಚಿ! ಇರು, ಚಪ್ಪಲಿ ಮೆಟ್ಕೊಂಡು ಬಂದೆ. ಮೂರು ಹೆತ್ತು ಬೆಳೆಸಿದವಳು ನಾನು. ಮಕ್ಕಳನ್ನ ಕೂರಿಸೋದೊಂದು ವಿದ್ಯೇನಾ?"

'ಬೇಡ' ಎಂಬ ಪದವನ್ನು ಬುಗುರಿಯಮ್ಮ ದಿನಕ್ಕೆ ನೂರು ಸಲ ಹೇಳುತ್ತಿದ್ದಳು, ಮಗನಿಗೆ. ದೊಡ್ಡವರ ಎದುರು ಅದು ಒಂದು ಸಲವೂ ಅವಳ ಗಂಟಲು ದಾಟಿದ್ದಿಲ್ಲ. ದೊಡ್ಡಮ್ಮ ಮುಂದೆ, ಬುಗುರಿ ಅವರಿಗಿಂತ ಮುಂದೆ, ಅವಳು ಹಿಂದೆ, ಹೀಗೆ ಮೆರವಣಿಗೆ ಹೊರಟಿತು.

ಸ್ಟುಡಿಯೋ ಎಂದರೆ ಟೈಲರ್ ಅಂಗಡಿಗೆ ಅಂಟಿಕೊಂಡ ಒಂದು ಉದ್ದ ಕೋಣೆ. ಮುಂದೆ ಗಾಜಿನ ಮೇಜು, ಅದರ ಕೆಳಗೆ ನಗುವ ಜನ. ಒಳಗೆ ಎರಡು ದೀಪ, ಎರಡು ಬಿಳಿ ಕೊಡೆ, ಗೋಡೆಗೆ ಜಲಪಾತದ ಚಿತ್ರವಿದ್ದ ದೊಡ್ಡ ಪರದೆ, ಅದರ ಮುಂದೊಂದು ಸ್ಟೂಲು. ಫೋಟೋದವನು ತಾಳ್ಮೆಯ ಮನುಷ್ಯ. ನಿಯಮವನ್ನೆಲ್ಲ ಕೇಳಿಸಿಕೊಂಡು ನಕ್ಕ.

"ಯೋಚ್ನೆ ಮಾಡ್ಬೇಡಿ ಅಕ್ಕಾ. ಎಂತೆಂಥ ಮಕ್ಕಳನ್ನ ನೋಡಿದ್ದೀನಿ. ಕೂರ್ಸಿ, ಒಂದೇ ನಿಮಿಷ."

ಕೂರಿಸಿದರು. ಆ ಸ್ಟೂಲು ತಿರುಗುತ್ತದೆ ಎಂಬುದು ದೊಡ್ಡವರಿಗೆ ಹೊಳೆಯುವ ಮೊದಲೇ ಬುಗುರಿಗೆ ಹೊಳೆಯಿತು. ಗೋಡೆಗೆ ಕಾಲು ಒದ್ದು ಗರಗರ ತಿರುಗಿದ. ಮೊದಲ ಫೋಟೋದಲ್ಲಿ ಹಿಂದಲೆ, ಎರಡನೆಯದರಲ್ಲಿ ಖಾಲಿ ಸ್ಟೂಲು, ಮೂರನೆಯದರಲ್ಲಿ ಫೋಟೋದವನ ಸ್ವಂತ ಹೆಬ್ಬೆರಳು.

ಸ್ಟೂಲು ಹೋಗಿ ಮರದ ಪೆಟ್ಟಿಗೆ ಬಂತು. ಫೋಟೋದವನು ಹಿಚುಕಿದರೆ ಕೂಗುವ ರಬ್ಬರ್ ಗಿಳಿಯನ್ನು ಕ್ಯಾಮೆರಾದ ಮೇಲೆ ಹಿಡಿದು, "ಇಲ್ನೋಡು ರಾಜಾ, ಗಿಳಿ! ಗಿಳಿ!" ಎಂದ. ಬುಗುರಿ ನೋಡಿದ. ನೋಡಿದರೆ ಸುಮ್ಮನಿರುವ ಜಾತಿಯೇ ಅವನು? ನೆಗೆದು ಬಂದು ಗಿಳಿಯ ತಲೆ ಕಚ್ಚಿದ. ಅದು ಕೀಂ ಎಂದಿತು. ಸಂತೋಷದಿಂದ ಇನ್ನೊಮ್ಮೆ ಕಚ್ಚಿದ. ಅದು ಮತ್ತೆ ಕೂಗಲಿಲ್ಲ.

"ಪರವಾಗಿಲ್ಲ ಬಿಡಿ," ಎಂದ ಫೋಟೋದವನು. ಆದರೆ ಅವನ ದನಿಯಲ್ಲಿ 'ಅಕ್ಕಾ' ಇರಲಿಲ್ಲ.

ಗಲಾಟೆ ಕೇಳಿ ಪಕ್ಕದ ಟೈಲರ್ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಬಂದ.

"ಏನ್ರೀ ಇದು, ಒಂದು ಪಿಳ್ಳೇನ ಹಿಡಿದು ಕೂರಿಸೋಕೆ ಮೂರು ಜನವಾ?"

"ನೀನೂ ಸೇರ್ಕೊ, ನಾಲ್ಕಾಗತ್ತೆ," ಎಂದರು ದೊಡ್ಡಮ್ಮ.

ಟೈಲರ್ ಪಂಥ ಕಟ್ಟಿದವನಂತೆ ಮುಂದೆ ಬಂದು, ಎರಡೂ ಮೊಣಕೈ ಬಡಿದು, ಕುತ್ತಿಗೆ ಚಾಚಿ ಕೋಳಿಯ ಹಾಗೆ ಕೂಗಿದ. ಬುಗುರಿ ನಿಂತಲ್ಲೇ ನಿಂತ. ಮುಖ ನೇರ, ಕಣ್ಣು ಅಗಲ, ಎರಡು ಕಿವಿಯೂ ಇದ್ದವು. ಆದರೆ ಕಿರುನಾಲಿಗೆ ಕಾಣುವಷ್ಟು ಬಾಯಿ ತೆರೆದು ನಗುತ್ತಿದ್ದ.

"ಬಾಯಿ ಮುಚ್ಚೋ ಕಂದಾ!" ಬುಗುರಿಯಮ್ಮ ಬೇಡಿಕೊಂಡಳು.

ಬುಗುರಿ ಎರಡೂ ಕೈಯಿಂದ ಟೈಲರನ ಬಾಯಿ ಮುಚ್ಚಿದ.

ಆಗ ದೊಡ್ಡಮ್ಮನಿಗೆ ಉಪಾಯ ಹೊಳೆಯಿತು. "ಏಯ್, ನೀನು ಪರದೆ ಹಿಂದೆ ಹೋಗಿ ಕೂತ್ಕೊಳ್ಳೇ. ಬಟ್ಟೆ ಸಮೇತ ಅವನ ಸೊಂಟ ಹಿಡ್ಕೊ. ಕೈ ಕಾಣಲ್ಲ, ಮಗು ಅಲ್ಲಾಡಲ್ಲ. ಹೇಗಿದೆ?"

ಬುಗುರಿಯಮ್ಮ ಜಲಪಾತದ ಹಿಂದಿನ ಧೂಳಿನಲ್ಲಿ ಮಂಡಿಯೂರಿ ಕುಳಿತಳು. ಬಟ್ಟೆಯ ಮೂಲಕ ತಡಕಾಡಿ ಮಗನ ಸೊಂಟ ಹಿಡಿದಳು. "ಹಾಂ, ಹಾಗೇ ಇರಿ... ಗದ್ದ ಸ್ವಲ್ಪ ಕೆಳಗೆ..." ಎಂಬ ದನಿ ಕೇಳಿಸಿತು. ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಗೋಡೆಯಿಂದ ಕೈ ಬಂದದ್ದು ಕಂಡು ಬುಗುರಿಗೆ ಖುಷಿಯೋ ಖುಷಿ. "ಅಮ್ಮ ಇದೆ!" ಎಂದು ತಿರುಗಿ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಮೇಲಿನ ಕೊಳವೆ ಕಳಚಿತು. ಇಡೀ ಜಲಪಾತ, ಬಂಡೆ, ಕಾಡು, ಎರಡು ಹಂಸಗಳ ಸಮೇತ ಬುಗುರಿಯಮ್ಮನ ತಲೆಯ ಮೇಲೆ ಬಿತ್ತು.

ಅವಳನ್ನು ಎಳೆದು ಹೊರತೆಗೆಯುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಟೈಲರ್ ಗಿರಾಕಿ ಬಂದಿದ್ದಾರೆಂದು ಜಾರಿಕೊಂಡ. ದೊಡ್ಡಮ್ಮ, "ಒಂದು ಪೀಪಿ ತರ್ತೀನಿ, ಪೀಪಿಗೆ ಬಗ್ಗದ ಮಗು ಇಲ್ಲ," ಎನ್ನುತ್ತ ರಸ್ತೆಗಿಳಿದರು. ಫೋಟೋದವನು ಮೂಲೆಯಲ್ಲಿ ಕುಳಿತು ಸತ್ತ ಗಿಳಿಯನ್ನು ಒತ್ತಿ ಒತ್ತಿ ನೋಡುತ್ತಿದ್ದ. ಅದೇ ವೇಳೆಗೆ ಗಂಡನ ಫೋನು.

"ಆಯ್ತಾ?"

"ಇಲ್ಲ ರೀ..."

"ಇನ್ನೂ ಇಲ್ವಾ? ಒಂದು ಫೋಟೋಗೆ ಅರ್ಧ ದಿನವೇನೇ? ಕೂರ್ಸು, ತೆಗೆಸು, ಬಾ. ಅಷ್ಟೇ ತಾನೇ!"

ಬುಗುರಿಯಮ್ಮ ಕರೆ ಮುಗಿದುಹೋದ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಜಲಪಾತದ ರಾಶಿಯ ಮೇಲೆ ಕುಸಿದಳು. ಬಾರದೆ ಹೋಗುವ ಸೋಮವಾರ ಕಣ್ಣ ಮುಂದೆ ಬಂತು. ತಲೆಗೂದಲಲ್ಲಿ ಧೂಳು, ಕೈಯಲ್ಲಿ ಮಗನ ಒಂದು ಕಾಲ್ಚೀಲ. ಇದ್ದಕ್ಕಿದ್ದಂತೆ ಗಟ್ಟಿಯಾಗಿ ಅಳತೊಡಗಿದಳು. ಎರಡೂವರೆ ವರ್ಷ ಬಚ್ಚಲ ನಲ್ಲಿ ತಿರುಗಿಸಿ ಅದರ ಸದ್ದಿನಲ್ಲಿ ಅಡಗಿಸಿಟ್ಟ ಅಳುವೆಲ್ಲ ಒಟ್ಟಿಗೇ ಬಂತು.

ಬುಗುರಿ ನಿಂತ.

ಅಮ್ಮ ಅಳುವುದನ್ನು ಅವನು ನೋಡಿರಲೇ ಇಲ್ಲ. ಅಳುವುದು ತನ್ನ ಕೆಲಸವೆಂದು ತಿಳಿದಿದ್ದ. ಮರದ ಪೆಟ್ಟಿಗೆಯ ಮೇಲೆ ತಾನಾಗಿಯೇ ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟು, ತುಟಿ ಬಿಗಿದು, ಅವಳನ್ನೇ ದಿಟ್ಟಿಸಿದ. ಪುಟ್ಟ ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತು. ತೀರ್ಪು ಓದುವ ಮೊದಲು ಕನ್ನಡಕ ಒರೆಸಿಕೊಳ್ಳುವ ನ್ಯಾಯಾಧೀಶನ ಕಳೆ.

ಕ್ಲಿಕ್.

"ಅಕ್ಕಾ! ಬಂತು! ಸಿಕ್ತು ಅಕ್ಕಾ!" ಫೋಟೋದವನು ಗಿಳಿಯನ್ನು ಎಸೆದು ಕುಣಿದ. ಅವಳು ಕಣ್ಣೊರೆಸಿಕೊಳ್ಳುವ ಮೊದಲೇ ಬುಗುರಿ ಇಳಿದು ಬಂದು ತನ್ನ ಅಂಗಿಯ ತುದಿಯಿಂದ ಅವಳ ಮೂಗನ್ನು ಬಲವಾಗಿ ಒರೆಸಿದ. ಆಮೇಲೆ ಕರ್ತವ್ಯ ಮುಗಿಯಿತೆಂದು ಕೊಡೆಯ ದೀಪದ ಕಡೆ ಓಡಿದ.

ಪೀಪಿ ಹಿಡಿದು ಬಂದ ದೊಡ್ಡಮ್ಮನಿಗೆ ಫೋಟೋ ತೋರಿಸಲೂ ಪುರಸೊತ್ತಿರಲಿಲ್ಲ. ಶಿಶುವಿಹಾರ ಮುಚ್ಚುವ ಹೊತ್ತಾಗಿತ್ತು. ಪ್ರಿಂಟನ್ನು ಚೀಲಕ್ಕೆ ಹಾಕಿಕೊಂಡು ಮೂವರೂ ಓಡಿದರು.

ದೊಡ್ಡ ಟೀಚರ್ ಫೋಟೋವನ್ನು ದೀಪಕ್ಕೆ ಹಿಡಿದು ನೋಡಿದರು. ಮುಖ ಅರಳಿತು.

"ಆಹಾ! ಎರಡೂ ಕಿವಿ, ಬಾಯಿ ಮುಚ್ಚಿದೆ, ಎಷ್ಟು ಗಂಭೀರವಾದ ಮಗು! ಇಂಥ ಮಕ್ಕಳಿದ್ದರೆ ನಮಗೂ ಪಾಠ ಮಾಡೋಕೆ ಹುಮ್ಮಸ್ಸು. ಎಲ್ಲಿ, ಕರ್ಕೊಂಡು ಬಂದಿದ್ದೀರಾ?"

"ಇಲ್ಲೇ ಇದ್ದಾನೆ ಮೇಡಂ."

ಇಲ್ಲೇ ಇದ್ದವನು ಅಷ್ಟು ಹೊತ್ತಿಗೆ ಮೇಜಿನ ಕೆಳಗೆ ನುಗ್ಗಿ, ಆ ಕಡೆಯಿಂದ ಹೊರಬಿದ್ದು, ಮೇಜಿನ ಗಂಟೆಯನ್ನು ಎಳೆದುಕೊಂಡು ಢಣಢಣ ಬಾರಿಸುತ್ತ, ಬಾಯಲ್ಲಿ ಪೀಪಿ ಊದುತ್ತ, ಬಣ್ಣದ ಕುರ್ಚಿಗಳ ಸಾಲಿನ ಮೇಲೆ ಓಡುತ್ತಿದ್ದ. ಟೀಚರ್ ಮುಖದ ನಗು ಇಳಿಯಿತು.

"ಇದು ಯಾರ ಮಗು?"

"ಅವನೇ ಮೇಡಂ, ಫೋಟೋದಲ್ಲಿರೋನು."

ಟೀಚರ್ ಫೋಟೋ ನೋಡಿದರು, ಅವನನ್ನು ನೋಡಿದರು. ಫೋಟೋವನ್ನು ಅವನ ಪಕ್ಕ ಹಿಡಿದು ಹೋಲಿಸಲು ಹೋದರು, ಪಕ್ಕದಲ್ಲಿ ಅವನಿರಲಿಲ್ಲ. ಅವನ ಹಿಂದೆ ಎರಡು ಸುತ್ತು ಓಡಿ ಏದುಸಿರು ಬಿಡುತ್ತ ಕುರ್ಚಿಗೆ ಬಂದು ಕುಳಿತರು.

"ನೋಡಿಮ್ಮಾ, ತಪ್ಪು ತಿಳ್ಕೋಬೇಡಿ. ಹೋದ ವರ್ಷ ಒಬ್ಬರು ಹೀಗೇ ಸಾಧು ಮಗೂನ ತೋರಿಸಿ ಸೀಟು ತಗೊಂಡ್ರು. ಶುರುವಾದ ದಿನ ಅವನ ತುಂಟ ತಮ್ಮನ್ನ ತಂದು ಬಿಟ್ಟು ಹೋದ್ರು. ನಮ್ಮ ಆಯಾ ಇವತ್ತಿಗೂ ಕುಂಟ್ತಾಳೆ."

"ಆಣೆ ಮಾಡಿ ಹೇಳ್ತೀನಿ ಮೇಡಂ, ಇವನೇ. ಕಿವಿ ನೋಡಿ, ಅದೇ ಕಿವಿ."

"ಕಿವಿ ಎಲ್ಲರಿಗೂ ಎರಡಿರತ್ತಮ್ಮ." ಟೀಚರ್ ಬುಗುರಿಯತ್ತ ಫೋಟೋ ಚಾಚಿ ಬೆಲ್ಲದಂಥ ದನಿ ತೆಗೆದರು. "ಮರೀ, ಇದು ಯಾರು ಹೇಳು?"

ಬುಗುರಿ ಓಡುತ್ತಲೇ ಒಂದು ಕ್ಷಣ ಬಗ್ಗಿ ನೋಡಿದ.

"ಅಣ್ಣ!" ಎಂದ, ಗೌರವದಿಂದ.

ಬುಗುರಿಯಮ್ಮ ಫೋಟೋ ತೆಗೆದುಕೊಂಡು ದೊಡ್ಡಮ್ಮನ ಕೈಗಿತ್ತಳು. "ದೊಡ್ಡಮ್ಮ, ನೀವಾದರೂ ಹೇಳಿ!"

ದೊಡ್ಡಮ್ಮ ಕನ್ನಡಕ ಏರಿಸಿ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಸುಳ್ಳು ಹೇಳುವವರಲ್ಲ ಅವರು.

"ಇವನು ಹುಟ್ಟಿದಾಗಿಂದ ಎದುರುಮನೇಲಿದ್ದೀನಿ ಕಣೇ. ಈ ಮುಖ ನಾನು ನೋಡೇ ಇಲ್ಲ. ಸ್ಟುಡಿಯೋದವನು ಬೇರೆ ಯಾರದ್ದೋ ಕವರು ಕೊಟ್ಟಿರಬೇಕು, ವಿಚಾರಿಸು."

ಬುಗುರಿಯಮ್ಮ ಫೋಟೋವನ್ನು ಕಿತ್ತುಕೊಂಡು ನೋಡಿದಳು. ತನಗೇ ಅನುಮಾನ ಬರುವ ಮೊದಲು ತಟ್ಟನೆ ಕಣ್ಣು ತೆಗೆದಳು.

ಟೀಚರ್ ಕೆಟ್ಟವರಲ್ಲ. ಅವಳ ಕೂದಲಿನ ಧೂಳು ನೋಡಿ ಅವರಿಗೂ ಕರುಳು ಚುರ್ರೆಂದಿರಬೇಕು. "ಹೋಗ್ಲಿ, ಒಂದು ಕೆಲಸ ಮಾಡೋಣ. ಈ ಫೋಟೋನ ಮಗು ತಂದೆಗೆ ಕಳಿಸಿ, ಏನೂ ಬರೀಬೇಡಿ. ಅವರು ಗುರುತು ಹಿಡಿದ್ರೆ ಈಗಲೇ ಸೀಟು ಬರ್ಕೊಳ್ತೀನಿ. ಹೆತ್ತವರಿಗೆ ಗೊತ್ತಾಗದೇ ಇರತ್ತಾ?"

ಬುಗುರಿಯಮ್ಮನಿಗೆ ಹೋದ ಜೀವ ಬಂತು. ಮೊಬೈಲಿನಿಂದ ಆ ಫೋಟೋದ ಫೋಟೋ ತೆಗೆದು ಗಂಡನಿಗೆ ಕಳಿಸಿ, ಫೋನನ್ನು ಟೀಚರ್ ಮುಂದೆ ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಬಗ್ಗಿದರು. ಬಾಗಿಲ ಬಳಿ ಆಯಾ ಕುಂಟುತ್ತ ಬಂದು ನಿಂತಳು.

ಫೋನು ಟಿಣ್ ಎಂದಿತು. ಬರೆಯಲು ಸೋಮಾರಿಯಾದ ಗಂಡ ಎಂದಿನಂತೆ ಮಾತಾಡಿಯೇ ಕಳಿಸಿದ್ದ. ಟೀಚರ್ ತಾವೇ ಬೆರಳಿಟ್ಟು ಒತ್ತಿದರು. ಕೋಣೆಗೆಲ್ಲ ಕೇಳುವಂತೆ ಅವನ ದನಿ ಬಂತು:

"ಅಯ್ಯೋ, ಎಷ್ಟು ಮುದ್ದಾಗಿದೆ ಕಣೇ! ಯಾರ ಮಗು ಇದು? ನೋಡಿದ್ಯಾ, ಹೆತ್ತವರು ಹೇಗೆ ಬೆಳೆಸಿದ್ದಾರೆ, ಎಷ್ಟು ಚೆನ್ನಾಗಿ ಕೂತಿದೆ ಪಾಪ. ಅದಿರ್ಲಿ, ನಮ್ಮ ಕೋತೀದು ಫೋಟೋ ಆಯ್ತೋ ಇಲ್ವೋ?"