ಆಷಾಢದಲ್ಲಿ ಅಪ್‌ಗ್ರೇಡ್

ನೆಟ್ಟಗೆ ನಡೆಯುತ್ತಿರುವುದನ್ನು ಅದರ ಪಾಡಿಗೆ ಬಿಡುವ ಸಂಯಮ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ‘ಹೊಸ ಆವೃತ್ತಿ ಲಭ್ಯವಿದೆ’ ಎಂದು ಯಾವ ಯಂತ್ರ ಹೇಳಿದರೂ ನನ್ನನ್ನೇ ಹೆಸರು ಹಿಡಿದು ಕರೆದಂತಾಗುತ್ತದೆ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಸ್ನೇಹಿತ ನಾರಾಯಣಸ್ವಾಮಿಯ ಕಲ್ಯಾಣ ಮಂಟಪದ ವೆಬ್‌ಸೈಟನ್ನೂ ನೋಡಿಕೊಳ್ಳುತ್ತೇನೆ. ಮಂಟಪ ಇರುವುದು ನನ್ನ ಹೆಂಡತಿಯ ತವರು ಚಿಂತಾಮಣಿಯಲ್ಲಿ. ಯಾವ ದಿನ ಖಾಲಿ, ಯಾವ ದಿನ ಭರ್ತಿ ಎಂದು ಜನ ಅದರಲ್ಲಿ ನೋಡಿ ಬುಕ್ ಮಾಡುತ್ತಾರೆ. ಅದರ ಲಿನಕ್ಸ್ ಸರ್ವರ್ ಬಹಳ ದಿನದಿಂದ ಅಪ್‌ಗ್ರೇಡ್ ಬೇಡುತ್ತಿತ್ತು.

ಲಿನಕ್ಸ್‌ನಲ್ಲಿ ಯಾವ ತಂತ್ರಾಂಶವೂ ಒಬ್ಬಂಟಿಯಾಗಿ ಬರುವುದಿಲ್ಲ. ಮದುವೆಗೆ ಒಬ್ಬ ಅತ್ತೆಯನ್ನು ಕರೆದರೆ ಅವರ ಓರಗಿತ್ತಿ, ಓರಗಿತ್ತಿಯ ತಮ್ಮ ಎಂದು ಒಂದು ಬಸ್ಸೇ ಬಂದಿಳಿಯುವ ಹಾಗೆ, ಒಂದು ಪ್ಯಾಕೇಜ್ ಕೇಳಿದರೆ ಅದಕ್ಕೆ ಬೇಕಾದ ಹತ್ತಾರು ಬಂದಿಳಿಯುತ್ತವೆ. ಅವುಗಳಲ್ಲಿ ಯಾವುದೋ ಒಂದಕ್ಕೂ, ಮೊದಲೇ ಒಳಗೆ ಕೂತಿರುವ ಹಳೆಯದೊಂದಕ್ಕೂ ಮಾತುಕತೆ ಇರುವುದಿಲ್ಲ. ಇಂಥ ಗಲಾಟೆಗೆ ಬಿಡುವಿನ ಕಾಲ ಬೇಕು. ನಾನು ಆಷಾಢವನ್ನು ಆರಿಸಿಕೊಂಡೆ. ಮದುವೆಯೇ ಇಲ್ಲದ ತಿಂಗಳಲ್ಲಿ ಮಂಟಪದ ವೆಬ್‌ಸೈಟನ್ನು ಯಾರು ನೋಡುತ್ತಾರೆ? ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಆಗಲೇ ನಮ್ಮ ಮಗಳ ಮದುವೆಯ ಮಾತೂ ನಡೆದಿತ್ತು. ಅದೇ ಮಂಟಪದಲ್ಲಿ, ತನ್ನ ಊರಿನವರ ಎದುರಿಗೆ ಧಾರೆ ಎರೆಯಬೇಕೆಂಬುದು ಹೆಂಡತಿ ಸರೋಜಳ ಬಹಳ ವರ್ಷಗಳ ಆಸೆ. ಗೌರಿಬಿದನೂರಿನ ಬೀಗರು, ಶ್ರಾವಣದಲ್ಲಿ ತಮ್ಮ ಪುರೋಹಿತರು ಹೇಳುವ ಮುಹೂರ್ತಕ್ಕೆ ಮಂಟಪ ಖಾಲಿ ಇದ್ದರೆ ಚಿಂತಾಮಣಿ, ಇಲ್ಲದಿದ್ದರೆ ತಮ್ಮೂರು ಎಂದಿದ್ದರು.

ಬೆಳಿಗ್ಗೆ ಶುರು ಮಾಡಿದ ಅಪ್‌ಗ್ರೇಡ್ ಮಧ್ಯಾಹ್ನಕ್ಕೆ ಮುಗಿಯಿತು. ಪುಟ ತೆರೆಯುತ್ತದೆಯೇ ಎಂದು ನೋಡಿದೆ, ತೆರೆಯಿತು. ಊಟಕ್ಕೆ ಎದ್ದೆ. ಬುಕಿಂಗ್ ಪ್ರೋಗ್ರಾಂ ಹಳೆಯದು. ಸೈಟು ನಡೆಸುವ ತಂತ್ರಾಂಶವಾದ ಪಿಎಚ್‌ಪಿಯ ಹೊಸ ಆವೃತ್ತಿ ಅದಕ್ಕೆ ಹಿಡಿಸಿರಲಿಲ್ಲ. ಮುನಿಸಿಕೊಂಡು ಎಲ್ಲ ದಿನಗಳನ್ನೂ ಭರ್ತಿ ಎಂದು ಕೆಂಪಗೆ ತೋರಿಸುತ್ತಿತ್ತು. ಅದನ್ನು ತಿಳಿಸಿದ್ದು ನಾರಾಯಣಸ್ವಾಮಿಯ ಫೋನು.

“ಏನ್ ಮೇಷ್ಟ್ರೇ ಇದು, ಎಲ್ಲಾ ಫುಲ್ ಅಂತ ತೋರಿಸ್ತೈತೆ?”

“ಆಷಾಢ ಅಲ್ವೇನಪ್ಪ, ಯಾರು ನೋಡ್ತಾರೆ?”

“ಶ್ರಾವಣದ ಮದುವೆಗೆ ಆಷಾಢದಲ್ಲಿ ನೋಡ್ದೆ ಇನ್ಯಾವಾಗ ನೋಡ್ತಾರೆ ಸಾಮಿ?”

ಹೊಸದನ್ನೆಲ್ಲ ಕಳಿಸಿ ಹಳೆಯದನ್ನು ಮತ್ತೆ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಆಗ ಬೀಗರು ಫೋನ್ ಮಾಡಿದರು. “ಮಧ್ಯಾಹ್ನ ಪುರೋಹಿತರು ದಿನ ಹೇಳಿದ್ರು, ವೆಬ್‌ಸೈಟಲ್ಲಿ ನೋಡಿದ್ರೆ ನಿಮ್ಮ ಮಂಟಪ ಖಾಲಿ ಇಲ್ಲ. ಮುಹೂರ್ತ ಬಿಡೋಕಾಗಲ್ಲ ಅಂತ ಇಲ್ಲೇ ಅಡ್ವಾನ್ಸ್ ಕೊಟ್ಬಿಟ್ವಿ.” ಸರೋಜಳಿಗೆ ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ, ಅಡುಗೆಮನೆಗೆ ಹೋಗಿ ಅತ್ತಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಮುಂದಿನ ವಾರ ಆ ಗೌರಿಬಿದನೂರಿನ ಮಂಟಪ ನೋಡಲು ಹೋದೆವು. ಬೀಗರು ಅಲ್ಲಿಯ ಮಾಲೀಕರಿಗೆ ನನ್ನನ್ನು ಪರಿಚಯಿಸಿ, “ಇವರು ಕಂಪ್ಯೂಟರ್‌ನಲ್ಲಿ ಎತ್ತಿದ ಕೈ. ನಿಮ್ಮ ವೆಬ್‌ಸೈಟ್ ಹಳೇದಾಗಿದೆ ಅಂತಿದ್ರಲ್ಲ, ತೋರಿಸಿ” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸರೋಜ ಹೇಳಿದಳು, “ಮದುವೆ ಮುಗಿಯೋವರ್ಗೂ ಇವ್ರ ಕೈಗೆ ಏನೂ ಕೊಡ್ಬೇಡಿ ಅಣ್ಣ.”

ಅವಳ ಮಾತು ನ್ಯಾಯವಾದದ್ದೇ. ಆದರೆ ಆ ಸೈಟಿನಲ್ಲಿರುವುದು ಯಾವ ಕಾಲದ ಪಿಎಚ್‌ಪಿ ಎಂದು ನಾನು ಆಗಲೇ ಮೊಬೈಲಿನಲ್ಲಿ ನೋಡಿಯಾಗಿತ್ತು.