ಊರಿನ ಫ್ಲೋರೈಡ್ ಹದಕ್ಕೆ ಬಂದ ಬಗೆ

ನಮ್ಮ ಊರಿನ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿರಬೇಕೋ ಅಷ್ಟೇ ಇದೆ ಎಂದು ನೀರಿನ ಕಚೇರಿ ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸಿದೆ. ಗೋಡೆಗೆ ಅಂಟಿಸಿದ್ದಾರೆ, ಮೊಹರು ಬೇರೆ ಒತ್ತಿದ್ದಾರೆ. ಅಂದಮೇಲೆ ಇರಲೇಬೇಕು.

ಮೇಲಿನ ಬೀದಿಯ ನಮಗೊಂದು ಕೊಳವೆಬಾವಿ, ಕೆಳಗಿನ ಬೀದಿಗೆ ಇನ್ನೊಂದು. ನಮ್ಮ ಮಕ್ಕಳ ಹಲ್ಲೆಲ್ಲ ಕಂದು ಕಲೆ, ಅವರ ಮಕ್ಕಳ ಹಲ್ಲೆಲ್ಲ ಹುಳುಕು. ನನ್ನ ಮೊಮ್ಮಗಳು ಪುಟ್ಟಿಗಿನ್ನೂ ಹಾಲುಹಲ್ಲು. ಅವಳ ಬಾಯನ್ನಾದರೂ ಉಳಿಸಿಕೊಳ್ಳೋಣ ಅಂತ ಹಲ್ಲಿನ ಡಾಕ್ಟರಮ್ಮನ ಹತ್ತಿರ ಎತ್ತಿಕೊಂಡು ಹೋದೆ.

“ಫ್ಲೋರೈಡ್ ಅಂದ್ರೆ ಕಲ್ಲು ಮಣ್ಣಿಂದ ನೀರಿಗಿಳಿಯೋ ಖನಿಜ, ಅಜ್ಜಿ. ಹದವಾಗಿದ್ರೆ ಹಲ್ಲು ಗಟ್ಟಿ, ಬೇಗ ಹುಳುಕಾಗಲ್ಲ. ಅತಿಯಾದ್ರೆ ಕಲೆ, ಇನ್ನೂ ಅತಿಯಾದ್ರೆ ಮೂಳೆಗೂ ಕಷ್ಟ. ಇವಳ ಹೊಸ ಹಲ್ಲು ಈಗ ಒಸಡಿನೊಳಗೇ ತಯಾರಾಗ್ತಿದೆ. ನೀರು ಬದಲಾಯಿಸಿ.”

ಅಲ್ಲಿಂದ ನೇರ ನೀರಿನ ಕಚೇರಿಗೆ ಹೋದೆ. ಅಲ್ಲಿನ ಸಾಹೇಬರು ಬಲು ಸಜ್ಜನರು. ಕುರ್ಚಿ ಎಳೆದು ಕೂರಿಸಿದರು.

“ಮೇಲಿನ ಬೀದೀಲಿ ಜಾಸ್ತಿ, ನಿಜ. ಕೆಳಗಿನ ಬೀದೀಲಿ ಇಲ್ಲವೇ ಇಲ್ಲ, ಅದೂ ನಿಜ. ಎರಡನ್ನೂ ಕೂಡಿಸಿ ಭಾಗಿಸಿದ್ರೆ ಸರಿಯಾಗಿ ಹದ. ಊರಿಗೇನೂ ತೊಂದ್ರೆ ಇಲ್ಲ.”

“ಊರಿಗೆಲ್ಲಿ ಹಲ್ಲಿದೆಯಪ್ಪಾ? ಇರೋದು ನನ್ನ ಮೊಮ್ಮಗಳಿಗೆ. ಎರಡು ನೀರೂ ಬೆರೆಸಿಬಿಡು.”

“ಬೆರೆಸೋಕೆ ಪೈಪು ಬೇಕು. ಪೈಪು ಬೇರೆ ಇಲಾಖೆ. ರಸ್ತೆ ಅಗೆಯೋದು ಮತ್ತೊಂದು ಇಲಾಖೆ.” ಸಾಹೇಬರು ಪುಟ್ಟಿಯನ್ನೇ ನೋಡಿದರು. “ಮಕ್ಕಳು ಮಾತ್ರ ಯಾವ ಇಲಾಖೆಗೂ ಸೇರಿಲ್ಲ. ಅವರನ್ನ ಬೆರೆಸಬಹುದು.”

ಪ್ರಕಟಣೆ ಬಂದೇಬಿಟ್ಟಿತು: “ನೀರಿನ ಸ್ಥಳಾಂತರಕ್ಕೆ ಅವಕಾಶವಿಲ್ಲದ ಪ್ರಯುಕ್ತ, ಎಳೆಯ ಮಕ್ಕಳು ಅರ್ಧ ವರ್ಷ ಮೇಲಿನ ಬೀದಿಯಲ್ಲೂ ಉಳಿದರ್ಧ ಕೆಳಗಿನ ಬೀದಿಯಲ್ಲೂ ವಾಸಿಸತಕ್ಕದ್ದು. ಮಕ್ಕಳ ಅಳುವಿಗೆ ಕಚೇರಿ ಜವಾಬ್ದಾರಿಯಲ್ಲ.”

ಪುಟ್ಟಿ ಕೆಳಗಿನ ಬೀದಿಯ ದರ್ಜಿಯ ಮನೆಗೆ ಹೋದಳು. ದರ್ಜಿಯ ಮಗ ನಮ್ಮನೆಗೆ ಬಂದ. ಸೊಸೆ ಮೊದಮೊದಲು ಸೆರಗಲ್ಲಿ ಕಣ್ಣೊರೆಸಿಕೊಂಡಳು, ಆಮೇಲೆ ಅವನ ತಲೆ ಬಾಚತೊಡಗಿದಳು. ಹಲ್ಲಿನ ವಿಷಯ ನೋಡಿ, ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಅವಧಿ ಮುಗಿದ ಮೇಲೆ ಕರೆತರಲು ಹೋದರೆ ಪುಟ್ಟಿ ದರ್ಜಿಯ ಹೆಂಡತಿಯ ಬೆನ್ನಿಗೆ ಅವಿತುಕೊಂಡು, “ಅಮ್ಮಾ, ಯಾವುದೋ ಅಜ್ಜಿ ಬಂದಿದೆ,” ಅಂದಳು. ಇತ್ತ ಹುಡುಗನೂ ನಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಅಳುತ್ತಾ ಕಚೇರಿಗೆ ಓಡಿದೆ.

“ನಿಮ್ಮನೇಲಿ ಒಂದು ಮಗು ಇದೆ ತಾನೇ ಅಜ್ಜಿ?” ಕೇಳಿದರು ಸಾಹೇಬರು.

“ಇದೆಯಪ್ಪಾ.”

“ಅವರ ಮನೇಲೂ?”

“ಇದೆ.”

“ಮತ್ತೆ?”

ಎದ್ದು ಮನೆಗೆ ಬಂದೆ. ಹಲ್ಲೆಲ್ಲ ಬಂದಾದ ಮೇಲೆ ಯಾವ ಮಗು ಯಾರದೆಂದು ಕಚೇರಿಯೇ ತಿಳಿಯಪಡಿಸುತ್ತದಂತೆ. ಈಗ ಎರಡು ಬೀದಿಯಲ್ಲೂ ಯಾರಿಗೂ ಅವಸರವಿಲ್ಲ.